ಜಾನು ಸಾಲಿಗೆ ಕೂತ ದಿನ

ನಮ್ಮ ಊರಿನಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತು ಊಟ ಮಾಡುವುದಿಲ್ಲ. ಜಗಳವಾಗಿ ಅಲ್ಲ. ಒಬ್ಬರು ಒಲೆಯ ಹತ್ತಿರ ಕೂತರೆ ಇನ್ನೊಬ್ಬರು ಬಾಗಿಲ ಹತ್ತಿರ, ಮುದುಕರು ಕಿಟಕಿಯ ಕೆಳಗೆ, ಮಕ್ಕಳು ಹಿತ್ತಲ ಮೆಟ್ಟಿಲ ಮೇಲೆ. ಅಪ್ಪಿತಪ್ಪಿ ಒಂದೇ ಸಾಲಿಗೆ ಬಂದರೆ ದೊಡ್ಡವರ ಬಾಯಿಗೆ ಚಿಕ್ಕವರ ರುಚಿ ಬಂದುಬಿಡುತ್ತದೆ. ಸಾಲು ಎಷ್ಟೇ ಉದ್ದವಿರಲಿ, ಅದರಲ್ಲಿ ಎಲ್ಲರಿಗಿಂತ ಚಿಕ್ಕವರ ನಾಲಿಗೆಗೆ ಬಿದ್ದದ್ದೇ ಎಲ್ಲರ ನಾಲಿಗೆಗೂ. ನೀವು ಮಾವಿನಮಿಡಿ ಚೀಪುತ್ತಿರಬಹುದು. ಸಾಲಿನ ಕೊನೆಯಲ್ಲಿ ಒಂದು ಮಗು ಹಾಲನ್ನ ತಿನ್ನುತ್ತಿದ್ದರೆ ನಿಮಗೂ ಹಾಲನ್ನವೇ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ನಮ್ಮ ಅಣ್ಣ ಮಾದೇವನಿಗೆ ಹೊಟ್ಟೆಹುಣ್ಣು, ಡಾಕ್ಟರು ಖಾರ ಬೇಡ ಅಂದಿದ್ದಾರೆ. ಆಸೆಯಾದ ದಿನ ಅವನು ಮಜ್ಜಿಗೆ ಅನ್ನದ ತಟ್ಟೆ ಹಿಡಿದು ಅತ್ತಿಗೆಯ ಪಕ್ಕ ಬಂದು ಕೂರುತ್ತಾನೆ. ಅತ್ತಿಗೆ ಅವನಿಗಿಂತ ಚಿಕ್ಕವಳು, ಕೆಂಪು ಚಟ್ನಿ ಅಂದರೆ ಪ್ರಾಣ. ಅವಳು ತಿನ್ನುತ್ತಾಳೆ, ಇವನು ಬೆವರುತ್ತಾನೆ. "ಇನ್ನೊಂದು ಸಲ ಹಚ್ಚಿಕೊಳ್ಳೇ," ಎಂದು ಬೇಡುತ್ತಾನೆ. ಮದುವೆಮನೆಗಳಲ್ಲಿ 'ಒಳ್ಳೆ ಬಾಯಿ'ಯ ಹುಡುಗಿಯೊಬ್ಬಳನ್ನು ಮೊದಲೇ ಗೊತ್ತುಮಾಡಿ ಇಟ್ಟುಕೊಳ್ಳುತ್ತಾರೆ. ಎಲ್ಲವನ್ನೂ ಬಿಡದೆ, ಅವಸರ ಮಾಡದೆ, ಬಡಿಸಿದ ಕ್ರಮದಲ್ಲೇ ತಿನ್ನುವ ಹುಡುಗಿ. ಅವಳಿಗೆ ಹೊಟ್ಟೆನೋವು ಬಂದರೆ ಮುಹೂರ್ತ ಮುಂದಕ್ಕೆ ಹಾಕಿದ್ದೂ ಉಂಟು.

ಐದು ತುಂಬುವವರೆಗೆ ಮಕ್ಕಳನ್ನು ಸಾಲಿಗೆ ಕೂರಿಸುವುದಿಲ್ಲ. ಐದನೇ ಹುಟ್ಟುಹಬ್ಬದ ದಿನ ಬೀದಿಯವರೆಲ್ಲ ಎಣ್ಣೆ ಗಾಣದ ಉದ್ದ ಗೋಡೆಯ ನೆರಳಿನಲ್ಲಿ ಬಂದು ಕೂರುತ್ತಾರೆ. ಮಗುವಿನ ಮೊದಲ ತುತ್ತು ಎಲ್ಲರ ಬಾಯಿಗೂ ಬರುತ್ತದೆ. ಆ ರುಚಿಯನ್ನು ಸಾಲಿನ ಹಿರಿಯರು ಹೆಸರಿಟ್ಟು ಕೂಗುತ್ತಾರೆ. ಆಮೇಲೆ ಆ ಹೆಸರು ಸಾಯುವವರೆಗೂ ಜೊತೆಗಿರುತ್ತದೆ. ನಮ್ಮ ಅವ್ವ ಸೌತೆಕಾಯಿ ಈರಮ್ಮ. ಅಣ್ಣ ಎಲೆಯ ತುದಿಗೆ ಬಡಿಸಿದ ಉಪ್ಪನ್ನೇ ಮೊದಲು ನೆಕ್ಕಿ ಉಪ್ಪಿನ ಮಾದೇವನಾದ. ಪಕ್ಕದ ಮನೆಯವರು ಕಡುಬಿನ ಗಂಗಮ್ಮ. ಅತ್ತಿಗೆ ಶಶಿಕಲಾ ಊರಿನ ಆಚೆ ತುದಿಯ ಉಳ್ಳವರ ಮನೆಯವಳು, ಜಾಮೂನಿನ ಶಶಿಕಲಾ. ಈಗಲೂ ಅಂಗಡಿಯವರು ಹಾಗೆ ಕರೆದರೆ ಅವಳ ಕುತ್ತಿಗೆ ಸ್ವಲ್ಪ ಉದ್ದವಾಗುತ್ತದೆ.

ನಾನು ಸಪ್ಪೆ ಸರಸಿ. ನನ್ನ ಮೊದಲ ಸಾಲಿನಲ್ಲಿ ಅಷ್ಟು ಜನ ನನ್ನನ್ನೇ ನೋಡುತ್ತಿದ್ದದ್ದು ಕಂಡು ನಾನು ಬಾಯಿಯನ್ನೇ ತೆರೆಯಲಿಲ್ಲವಂತೆ. ತುತ್ತು ಹಿಡಿದುಕೊಂಡು ಕೂತೇ ಇದ್ದೆನಂತೆ. ಸಾರು ಆರಿತು, ಹಪ್ಪಳ ಮೆತ್ತಗಾಯಿತು, ಜನರ ಬಾಯಿಗೆ ಏನೂ ಬರಲಿಲ್ಲ. ಕೊನೆಗೆ ಆಗಿನ ಹಿರಿಯರು ಬೇಸತ್ತು "ಸಪ್ಪೆ" ಎಂದು ಕೂಗಿ ಎದ್ದುಹೋದರು. ಶಾಲೆಯಲ್ಲಿ ಹಾಜರಿ ಕರೆಯುವಾಗ ಮೇಷ್ಟರೂ ಹಾಗೇ ಕರೆಯುತ್ತಿದ್ದರು, ಕೆಟ್ಟ ಮನಸ್ಸಿನಿಂದ ಅಲ್ಲ, ತರಗತಿಯಲ್ಲಿ ಇನ್ನೊಬ್ಬಳು ಸರಸಿ ಇದ್ದಳು, ಹಲಸಿನ ಸರಸಿ. ನಾನು "ಬಂದಿದ್ದೀನಿ ಸಾರ್" ಅನ್ನುವುದನ್ನು ನಿಧಾನವಾಗಿ ಬಿಟ್ಟೆ, ಆಮೇಲೆ ಹೋಗುವುದನ್ನೂ ಬಿಟ್ಟೆ. ಈಗ ಮನೆಯಲ್ಲೇ ಮುತ್ತುಗದ ಎಲೆ ಹಚ್ಚುತ್ತೇನೆ. ಊರಿನ ಮುಕ್ಕಾಲು ಸಾಲುಗಳು ಕೂರುವುದು ನಾನು ಕಡ್ಡಿ ಚುಚ್ಚಿದ ಎಲೆಗಳ ಮುಂದೆ. ನಾನು ಕೂರುವುದಿಲ್ಲ. ಬಡಿಸುತ್ತೇನೆ. ಬಡಿಸುವವಳಿಗೆ ಎಲ್ಲ ಕಾಣಿಸುತ್ತದೆ.

ಅಣ್ಣನ ಮಗಳು ಜಾನಕಿಗೆ ಐದು ತುಂಬಲು ಒಂದು ತಿಂಗಳಿದೆ ಎನ್ನುವಾಗಲೇ ಮನೆಯಲ್ಲಿ ಚರ್ಚೆ ಶುರುವಾಯಿತು. ಅತ್ತಿಗೆ ಮೊದಲ ದಿನವೇ ತೀರ್ಮಾನ ಹೇಳಿದಳು: ಜಾಮೂನು.

"ನನ್ನ ಹೆಸರೇ ಮಗಳಿಗೂ ಬಂದರೆ ಎಷ್ಟು ಚೆಂದ," ಅಂದಳು.

"ಇಬ್ಬರು ಜಾಮೂನು ಆದರೆ ನನಗೆ ಸಕ್ಕರೆ ಕಾಯಿಲೆ ಬರತ್ತೆ," ಅಂದ ಅಣ್ಣ.

"ನೀವು ಉಪ್ಪು. ನೀವು ಮಾತಾಡಬೇಡಿ."

ಅವ್ವ ಕಿಟಕಿಯ ಕೆಳಗಿನಿಂದಲೇ, "ಮಗು ಏನು ತಿಂದರೆ ಏನು, ತಿಂದರೆ ಸಾಕು. ಸೌತೆಕಾಯಿ ತಿಂದು ನಾನೇನು ಸೊರಗಿಹೋದೆನಾ?" ಎಂದಳು. ತಿಂದರೆ ಸಾಕು ಅನ್ನುವಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡದಿರಲು ಕಷ್ಟಪಟ್ಟದ್ದು ನನಗೆ ಗೊತ್ತಾಯಿತು.

ಏಕೆಂದರೆ ಜಾನು ನನ್ನ ಹಾಗೆಯೇ. ಬೀದಿಯಲ್ಲಿ ಎಲ್ಲರೂ ಅದನ್ನು ಹೇಳುತ್ತಾರೆ, ಕೆನ್ನೆ ಹಿಂಡುತ್ತಾ ಹೇಳುತ್ತಾರೆ. ಯಾರಾದರೂ ಮನೆಗೆ ಬಂದರೆ ಅವಳು ಬಾಗಿಲ ಹಿಂದೆ ಹೋಗಿ ಬಾಗಿಲಿನಷ್ಟೇ ತೆಳ್ಳಗಾಗಿಬಿಡುತ್ತಾಳೆ. ಊಟಕ್ಕೆ ಕೂತಾಗ ಯಾರಾದರೂ "ತಿಂತೀಯಾ ಪುಟ್ಟ?" ಅಂದರೂ ಸಾಕು, ತುತ್ತು ಕೈಯಲ್ಲೇ ಉಳಿಯುತ್ತದೆ. ಗಂಗಮ್ಮ ಒಮ್ಮೆ ಅದನ್ನು ನೋಡಿ, "ಅಯ್ಯೋ, ಇದು ಇನ್ನೊಂದು ಸಪ್ಪೆ ಕಣ್ರೇ!" ಎಂದು ನಕ್ಕರು. ನಕ್ಕು, ನನ್ನನ್ನು ಕಂಡು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಆ ರಾತ್ರಿ ನಾನು ಹಚ್ಚಿದ ಎಲೆಗಳಲ್ಲಿ ಅರ್ಧ ಸೋರುತ್ತಿದ್ದವು. ನನಗೆ ಆ ಹೆಸರು ಈಗ ಅಂಥ ಭಾರವೇನಲ್ಲ, ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಹೊಂದಿಕೊಂಡಿದೆ. ಆದರೆ ಅದೇ ಜೋಡಿಯನ್ನು ಆ ಪುಟ್ಟ ಕಾಲಿಗೆ ಹಾಕುವುದನ್ನು ನೋಡಲಾರೆ ಅನ್ನಿಸಿತು.

ಅತ್ತಿಗೆ ಅಭ್ಯಾಸ ಮಾಡಿಸಲು ಹೊರಟಳು. ದಿನಾ ಸಂಜೆ ನಾಲ್ಕು ಜಾಮೂನು ಕರಿದು ಪಾಕಕ್ಕೆ ಹಾಕಿ, ಗಂಗಮ್ಮನನ್ನೂ ಅವರ ಸೊಸೆಯನ್ನೂ ಕರೆದು ಎದುರಿಗೆ ಕೂರಿಸಿ, ಜಾನುವಿನ ಮುಂದೆ ತಟ್ಟೆ ಇಡುತ್ತಿದ್ದಳು.

"ಜನ ಅಂದರೆ ಹೀಗೇ ಇರ್ತಾರೆ ನೋಡು. ಕಚ್ಚಲ್ಲ. ಬಾಯಿ ತೆಗಿ."

ಜಾನು ಜಾಮೂನನ್ನು ನೋಡುವಳು, ಜನರನ್ನು ನೋಡುವಳು, ಮತ್ತೆ ಜಾಮೂನನ್ನು. ಬಾಯಿಗೆ ಹೊಲಿಗೆ ಹಾಕಿದ ಹಾಗೆ.

"ಕಾಗೆಗೆ ಕೊಟ್ಟುಬಿಡ್ತೀನಿ!"

ಜಾನು ತಟ್ಟೆಯನ್ನು ಕಿಟಕಿಯ ಕಡೆ ಸ್ವಲ್ಪ ಸರಿಸಿದಳು, ಕಾಗೆಗೆ ಅನುಕೂಲವಾಗಲಿ ಎಂದು. ಗಂಗಮ್ಮನ ಸೊಸೆ ನಕ್ಕಳು, ಅತ್ತಿಗೆ ಅಳುವಂತಾದಳು. ಆ ವಾರವಿಡೀ ಜಾಮೂನು ತಿಂದವರು ಗಂಗಮ್ಮ. "ಅಭ್ಯಾಸ ಬಿಡಬೇಡ ಶಶಿ, ನಾಳೆಯೂ ಮಾಡು," ಎಂದು ಹೇಳಿ ಹೋಗುತ್ತಿದ್ದರು.

ಜಾನು ತಿನ್ನದ ಮಗುವಲ್ಲ. ಅದು ನನಗೆ ಗೊತ್ತಿತ್ತು. ಮಧ್ಯಾಹ್ನ ಅಣ್ಣ ಸೈಕಲ್ ಅಂಗಡಿಗೆ, ಅತ್ತಿಗೆ ಟೈಲರಿಂಗಿಗೆ ಹೋದಮೇಲೆ ನಾವಿಬ್ಬರೇ ಅಡುಗೆಮನೆಯಲ್ಲಿ ಊಟ ಮಾಡುತ್ತೇವೆ, ಬೆನ್ನಿಗೆ ಬೆನ್ನು ಮಾಡಿ. ಹೀಗೆ ಶುರುವಾದದ್ದು ಯಾವಾಗ ಎಂದು ನೆನಪಿಲ್ಲ. ನಾನು ಒಲೆಯ ಕಡೆ ನೋಡುತ್ತೇನೆ, ಅವಳು ಹಿತ್ತಲ ಕಡೆ. ನಮ್ಮದು ಸಾಲಲ್ಲ, ಹಾಗಾಗಿ ಅವಳ ರುಚಿ ನನಗೆ ಬರುವುದಿಲ್ಲ. ಆದರೆ ಅವಳ ಬೆನ್ನು ನನ್ನ ಬೆನ್ನಿಗೆ ತಾಗಿರುತ್ತದೆ, ಅಗಿಯುವುದು ಗೊತ್ತಾಗುತ್ತದೆ. ಹುರಿಗಡಲೆ ತಿನ್ನುವಾಗ ಬೆನ್ನು ಒಂದು ರೀತಿ ಅಲುಗುತ್ತದೆ, ಗೆಣಸು ತಿನ್ನುವಾಗ ಇನ್ನೊಂದು ರೀತಿ. ಮೊಸರವಲಕ್ಕಿಗೆ ದಾಳಿಂಬೆ ಕಾಳು ಹಾಕಿ ಕೊಟ್ಟ ದಿನ ಅವಳು ಕಾಲು ಕುಣಿಸುತ್ತಾಳೆ, ಅದೂ ನನಗೆ ಬೆನ್ನಿಂದಲೇ ತಿಳಿಯುತ್ತದೆ. ನಾನು ತಿರುಗಿ ನೋಡಿದರೆ ಎಲ್ಲ ನಿಂತುಬಿಡುತ್ತದೆ. ಅದಕ್ಕೇ ತಿರುಗುವುದಿಲ್ಲ.

ಅತ್ತಿಗೆಗೆ ಇದನ್ನು ಹೇಳಬೇಕೆಂದು ಎರಡು ದಿನ ಮಾತು ಜೋಡಿಸಿಕೊಂಡೆ. ಜೋಡಿಸಿದ ಮಾತು ಅವಳೆದುರು ನಿಂತಾಗ ಬಿಚ್ಚಿಹೋಗುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಅವಳು ಬೇಗ ಬಂದಾಗ, ತುಟಿಯ ಮೇಲೆ ಬೆರಳಿಟ್ಟು, ಕೈ ಹಿಡಿದು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಲ್ಲಿಸಿದೆ. ನಾನು ಹೋಗಿ ನನ್ನ ಜಾಗದಲ್ಲಿ ಕೂತೆ. ಜಾನು ಒಂದು ಬಟ್ಟಲು ಮೊಸರವಲಕ್ಕಿ ಮುಗಿಸಿ, ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, "ಅತ್ತೇ, ಇನ್ನೂ," ಎಂದು ಬಟ್ಟಲನ್ನು ಹಿಂದಕ್ಕೆ ಚಾಚಿದಳು. ನಾನು ನೋಡದೆಯೇ ಬಡಿಸಿದೆ.

ಅತ್ತಿಗೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಎಷ್ಟು ದಿನದಿಂದ ಹೀಗೆ?"

"ಬಹಳ ದಿನದಿಂದ."

"ಬಾಯಲ್ಲಿ ಹೇಳೋಕೆ ಏನೇ ನಿಂಗೆ? ಒಂದು ಸೇರು ಸಕ್ಕರೆ ಗಂಗಮ್ಮನ ಹೊಟ್ಟೆಗೆ ಹೋಯ್ತಲ್ಲೇ!" ಎಂದಳು. ಆಮೇಲೆ ಬಾವಿಯ ಕಟ್ಟೆಯ ಮೇಲೆ ಕೂತು ಯೋಚಿಸಿದಳು. "ಅವಲಕ್ಕಿ. ಬೀದಿಗೆಲ್ಲ ಅವಲಕ್ಕಿ ಹಾಕಿದರೆ ನನ್ನ ತವರಿನವರು ಏನಂತಾರೆ? ನಮ್ಮಮ್ಮ ಆಳಿಗೆ ಕೊಡ್ತಾಳೆ ಅವಲಕ್ಕಿ." ಅವಳು ಎರಡು ಸಲ ಬಾಯಲ್ಲೇ ಹೇಳಿಕೊಂಡು ನೋಡಿದಳು. "ಅವಲಕ್ಕಿ ಜಾನಕಿ. ಅವಲಕ್ಕಿ ಜಾನಕಿ... ಕೇಳೋಕೇನು ಕೆಟ್ಟದಾಗಿಲ್ಲ ಅಲ್ವಾ?"

"ಇಲ್ಲ ಅತ್ತಿಗೆ."

"ಗಟ್ಟಿ ಅವಲಕ್ಕಿನೋ ತೆಳುವಿನದೋ?"

"ತೆಳು. ನೆನೆದ ಮೇಲೂ ಒಂದೊಂದು ಎಸಳು ಬೇರೆ ಇರಬೇಕು ಅವಳಿಗೆ. ಒಗ್ಗರಣೆ ಹಾಕಿದರೆ ಸಾಸಿವೆ ಆರಿಸ್ತಾ ಕೂರ್ತಾಳೆ. ಬರೀ ಉಪ್ಪು, ಮೊಸರು, ದಾಳಿಂಬೆ."

ಅಷ್ಟು ಮಾತು ನಾನು ಒಟ್ಟಿಗೆ ಆಡಿದ್ದು ಕಂಡು ಅತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಜೊತೆಗೆ ಬೇಯಿಸಿದ ಗೆಣಸು, ಒಂದು ಚೂರು ಬೆಲ್ಲ, ಹುರಿಗಡಲೆ ಎಂದಾಯಿತು. "ಒಂದೇ ಒಂದು ಜಾಮೂನು ಎಲೆಯ ತುದಿಗೆ ಇರಲಿ ಕಣೆ," ಎಂದು ಬೇಡಿದಳು. ಇರಲಿ ಅಂದೆ.

ಉಳಿದದ್ದು ಜನರ ಕಣ್ಣು. ಅದಕ್ಕೆ ಉಪಾಯ ಹೊಳೆದದ್ದು ಅತ್ತಿಗೆಗೆ. ನಮ್ಮ ಬೀದಿಯ ಹಿರಿಯ ಒಗ್ಗರಣೆ ಸೂರಪ್ಪಜ್ಜ; ಅವರ ಮನೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅಜ್ಜ ಜಗಲಿಯ ಮೇಲೆ ಕಾಲು ಚಾಚಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು.

"ಅಜ್ಜ, ಆವತ್ತು ಎಲ್ಲರೂ ಗೋಡೆ ಕಡೆ ಮುಖ ಮಾಡಿ ಕೂರಬೇಕು."

"ಯಾರು?"

"ಎಲ್ಲರೂ. ನೀವೂ."

"ನನ್ನ ವಯಸ್ಸಿಗೆ ಗೋಡೆ ಕಡೆ ಮುಖ ಮಾಡ್ಸೋ ಅಂಥದ್ದು ಏನು ಮಾಡಿದೆನವ್ವ ನಾನು?"

"ಮಗು ನಾಚಿಕೊಳ್ಳತ್ತೆ."

"ನಾಚಿಕೊಂಡರೆ ನಾಚಿಕೊಳ್ಳಲಿ. ಊರಲ್ಲಿ ನಾಚಿಕೊಂಡವರೂ ಬದುಕಿದ್ದಾರೆ." ನನ್ನ ಕಡೆ ಗಲ್ಲ ಎತ್ತಿ ತೋರಿಸಿದರು. "ಅಲ್ಲ, ಗೋಡೆಗೆ ಮುಖ ಮಾಡಿದರೆ ರುಚಿ ಬರತ್ತೆ ಅಂತ ಏನು ಗ್ಯಾರಂಟಿ? ಯಾರಾದರೂ ಮಾಡಿ ನೋಡಿದ್ದಾರಾ?"

ಯಾರೂ ಮಾಡಿ ನೋಡಿರಲಿಲ್ಲ. ಅತ್ತಿಗೆ ಅಲ್ಲೇ ಅವರ ಮೊಮ್ಮಗನನ್ನು ಕರೆದು ಕೈಗೆ ಹುಣಸೆಹಣ್ಣು ಕೊಟ್ಟು ಪಕ್ಕದಲ್ಲಿ ಕೂರಿಸಿ, ಅಜ್ಜನನ್ನು ಗೋಡೆ ಕಡೆ ತಿರುಗಿಸಿದಳು. ಹುಡುಗ ಚೀಪಿದ. ಅಜ್ಜನ ಎರಡೂ ಭುಜ ಕಿವಿಯವರೆಗೆ ಏರಿದವು. "ಬರತ್ತೆ, ಬರತ್ತೆ, ತೆಗೀರೋ ಅದನ್ನ!" ಎಂದು ಕೂಗಿದರು. ಒಪ್ಪಿಗೆ ಸಿಕ್ಕಿತು. ಒಂದು ಶರತ್ತು ಹಾಕಿದರು: ಗೋಡೆಗೆ ಮುಖವಾದರೂ ಹೆಸರು ಮಾತ್ರ ಬಂದ ರುಚಿಗೆ ತಕ್ಕ ಹಾಗೆಯೇ, ಏನೂ ಬಾರದಿದ್ದರೆ ಏನೂ ಬರಲಿಲ್ಲ ಎಂದೇ ಕೂಗುತ್ತೇನೆ, ಆಮೇಲೆ ಅಳಬಾರದು.

ಹುಟ್ಟುಹಬ್ಬದ ದಿನ ಬಿಸಿಲು ಬೆಳಗ್ಗೆಯಿಂದಲೇ ಹಲ್ಲು ಕಡಿಯುತ್ತಿತ್ತು. ನಾನು ಮತ್ತು ಅವ್ವ ತೆಳು ಅವಲಕ್ಕಿಯನ್ನು ಮೊರದಲ್ಲಿ ಕೇರಿ, ತೊಳೆದು, ಹಿಂಡದೆ ಹಾಗೇ ಸೋರಿಸಿಟ್ಟೆವು. ಅಣ್ಣ ದಾಳಿಂಬೆ ಬಿಡಿಸಲು ಕೂತ. ಸೈಕಲ್ ಗ್ರೀಸು ಹೋಗದ ಅವನ ಬೆರಳುಗಳಿಂದ ಅವ್ವ ಹಣ್ಣು ಕಿತ್ತುಕೊಂಡಳು. ಮೊಸರು ಹುಳಿಯಾಗದಿರಲೆಂದು ಪಾತ್ರೆಯನ್ನು ಬಾವಿಯೊಳಗೆ ಹಗ್ಗ ಕಟ್ಟಿ ಇಳಿಬಿಟ್ಟಿದ್ದೆವು. ಗೆಣಸು ಬೆಂದ ವಾಸನೆ ಬೀದಿಗೆಲ್ಲ ಹೋಗಿ, ಗಂಗಮ್ಮ ಬಂದು ಇಣುಕಿ, "ಇಷ್ಟೇನಾ?" ಎಂದರು. "ಇಷ್ಟೇ," ಎಂದಳು ಅತ್ತಿಗೆ, ಯಾರೋ ತನ್ನನ್ನು ಬೈದ ಹಾಗೆ. ಆಮೇಲೆ ಸ್ವಲ್ಪ ಧೈರ್ಯ ತಂದುಕೊಂಡು, "ಮಗು ತಿನ್ನೋದು ಇದನ್ನೇ. ಊಟ ಅವಳದ್ದು ತಾನೇ," ಎಂದಳು.

ಮಧ್ಯಾಹ್ನ ಗಾಣದ ಗೋಡೆಯ ನೆರಳು ಅಗಲವಾದಮೇಲೆ ಚಾಪೆ ಹಾಸಿದೆವು. ಬಂದವರಿಗೆಲ್ಲ ಅಣ್ಣ ಕೈ ಮುಗಿದು, "ಆ ಕಡೆ ಮುಖ," ಎಂದು ಹೇಳುತ್ತಾ ನಿಂತಿದ್ದ.

"ಇದೇನೋ ಮಾದೇವ, ಮನೆಪಾಠ ಬರೀದವರನ್ನ ನಿಲ್ಲಿಸಿದ ಹಾಗೆ?"

"ಗೋಡೆ ಸುಣ್ಣ ಕಂಡು ಎಷ್ಟು ವರ್ಷವಾಯ್ತು ನೋಡ್ರಿ, ಹತ್ತಿರದಿಂದ ಗೊತ್ತಾಗ್ತಿದೆ."

"ನನ್ನ ಎದುರಿಗೆ ಒಂದು ಹಲ್ಲಿ ಇದೆ. ನಾಚಿಕೆ ಸ್ವಭಾವದ್ದೇ ಇರಬೇಕು."

ಹೀಗೆ ತಮಾಷೆ ಮಾಡುತ್ತಲೇ ಎಲ್ಲರೂ ಕೂತರು. ಅತ್ತಿಗೆಯ ತವರಿನವರು ರೇಷ್ಮೆ ಸೀರೆ ಗೋಡೆಗೆ ತಾಗದ ಹಾಗೆ ಹಿಡಿದುಕೊಂಡು ಕೂತರು. ಸೂರಪ್ಪಜ್ಜ ನಡುವೆ. ಸಾಲಿನ ತಲೆಯಲ್ಲಿ ಜಾನು ಒಬ್ಬಳೇ ಬೀದಿಯ ಕಡೆ ಮುಖ ಮಾಡಿ, ಹೊಸ ಲಂಗದ ಜರಿ ಚುಚ್ಚುತ್ತದೆಂದು ಕೆರೆದುಕೊಳ್ಳುತ್ತಾ. ಎದುರಿಗಿದ್ದದ್ದು ಖಾಲಿ ಬೀದಿ. ಬಡಿಸಿ ಮುಗಿದಮೇಲೆ ಅಣ್ಣ, ಅತ್ತಿಗೆ, ಅವ್ವ ಎಲ್ಲರೂ ಗೋಡೆಗೆ ತಿರುಗಿದರು. ನಿಂತಿದ್ದವಳು ನಾನೊಬ್ಬಳೇ, ನೀರಿನ ಹೂಜಿಯ ಪಕ್ಕ, ಜಾನುವಿಗೆ ಅರ್ಧ ಬೆನ್ನು ಮಾಡಿ. ಹೆಸರು ಕೂಗುವವರೆಗೆ ಯಾರಿಗೂ ನೀರು ಕೊಡುವ ಹಾಗಿಲ್ಲ. ನಾಲಿಗೆ ತೊಳೆದುಹೋಗುತ್ತದೆ, ರುಚಿ ತಿಳಿಯುವುದಿಲ್ಲ ಎಂದು ಅಜ್ಜ ಹಟ ಹಿಡಿಯುತ್ತಾರೆ.

ಸದ್ದು ನಿಂತಿತು. ಓರೆಗಣ್ಣಿನಲ್ಲಿ ನೋಡಿದೆ. ಜಾನು ಎಲೆಯನ್ನು ನೋಡಿದಳು, ಬೀದಿಯನ್ನು ನೋಡಿದಳು, ಕತ್ತು ತಿರುಗಿಸಿ ಅಷ್ಟೂ ಬೆನ್ನುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಅವಳ ಭುಜ ಸಡಿಲವಾಯಿತು. ಕೈ ಅವಲಕ್ಕಿಯ ಕಡೆ ಹೋಯಿತು. ಅಷ್ಟರಲ್ಲಿ ಅವಳಿಗೆ ಬಿಕ್ಕಳಿಕೆ ಬಂತು.

ಬೆಳಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ಓಡಾಡಿದ್ದಳು. ಒಂದು ಬಿಕ್ಕಳಿಕೆ, ಇನ್ನೊಂದು. ನಿಶ್ಶಬ್ದದಲ್ಲಿ ಅದು ದೊಡ್ಡದಾಗಿ ಕೇಳಿಸಿತು. ಯಾರೋ ಕಿಸಕ್ಕೆಂದರು. ಜಾನುವಿನ ಮುಖ ಕೆಂಪಾಗಿ ಕಣ್ಣಲ್ಲಿ ನೀರಾಡಿತು. ನಾನೇನೂ ಯೋಚನೆ ಮಾಡಲಿಲ್ಲ. ಮನೆಯಲ್ಲಿ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ: ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಹೋಗಿ ಅವಳ ಕೈಗೆ ಕೊಟ್ಟು ತಿರುಗಿ ನಿಂತೆ. ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿದಳು.

ಕುಡಿದದ್ದು ಕಿವಿಗೆ ಬಿದ್ದಮೇಲೆ ನನಗೆ ನಾನು ಮಾಡಿದ್ದು ಏನೆಂದು ತಿಳಿಯಿತು. ತುತ್ತು ಏನಿರಬೇಕೆಂದು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆವು. ಬಾಯಿಗೆ ಮೊದಲು ಬೀಳುವುದು ನೀರೂ ಆಗಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ನನಗಂತೂ.

ಸಾಲನ್ನು ನೋಡಿದೆ. ನನಗೆ ಕಾಣುತ್ತಿದ್ದದ್ದು ಬೆನ್ನುಗಳು ಮಾತ್ರ. ಹತ್ತಿರದಿಂದ ಶುರುವಾಗಿ ದೂರದವರೆಗೆ ಒಂದೊಂದೇ ಬೆನ್ನು ಇಳಿಯಿತು, ದಿನವಿಡೀ ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೆ. ಅತ್ತಿಗೆಯ ತಾಯಿ "ಹಾ" ಎಂದರು. ಯಾರೋ ಉಸಿರು ಬಿಟ್ಟರು. ಆಮೇಲೆ ಗುಸುಗುಸು.

"ಏನಿದು? ಎಳನೀರಾ?"

"ಎಳನೀರು ಇಷ್ಟು ತೆಳ್ಳಗಿರತ್ತಾ? ಮಜ್ಜಿಗೆ ನೀರಿರಬೇಕು."

"ಮಜ್ಜಿಗೆಗೆ ಹುಳಿ ಬೇಡವಾ? ಸೌತೆಕಾಯಿ ಇರಬಹುದು. ಅಜ್ಜಿಯ ಮೊಮ್ಮಗಳು ನೋಡು."

"ನಮ್ಮ ಮನೇಲಿ ಸೌತೆಕಾಯಿ ಬಡಿಸೇ ಇಲ್ಲ," ಎಂದಳು ಅವ್ವ ಗೋಡೆಗೆ.

ಸೂರಪ್ಪಜ್ಜ ಕೈ ಎತ್ತಿದರು. "ನಾನು ಬಾಯಿ ಚಪ್ಪರಿಸಿ ನೋಡಿದೆ. ಉಪ್ಪಿಲ್ಲ, ಹುಳಿಯಿಲ್ಲ, ಸಿಹಿಯಿಲ್ಲ, ಖಾರವಂತೂ ಇಲ್ಲವೇ ಇಲ್ಲ. ಮಗು ಪಾಪ ಏನೋ ಬಾಯಿಗೆ ಹಾಕಿಕೊಂಡಿದೆ, ಆದರೆ ರುಚಿ ಅನ್ನೋದು ಇಲ್ಲ. ಮೊದಲೇ ಹೇಳಿದ್ದೆ, ಆಮೇಲೆ ಅಳಬಾರದು." ಹೆಸರು ಕೂಗುವ ಮುಂಚೆ ಅವರು ಯಾವಾಗಲೂ ಗಂಟಲು ಸರಿಮಾಡಿಕೊಳ್ಳುತ್ತಾರೆ. ಸರಿಮಾಡಿಕೊಂಡರು. ಅತ್ತಿಗೆಯ ಕೈ ಅಣ್ಣನ ತೋಳನ್ನು ಹಿಡಿದುಕೊಂಡದ್ದು ಕಂಡಿತು.

"ನೀರು," ಎಂದೆ.

ನನ್ನ ದನಿ ಗಾಣದ ಗೋಡೆಗೆ ಬಡಿದು ನನಗೇ ವಾಪಸ್ಸು ಬಂತು. ಅಜ್ಜ ಬಾಯಿ ತೆರೆದವರು ಹಾಗೇ ತಡೆದರು.

"ಯಾರದು ಮಾತಾಡಿದ್ದು?"

ಯಾರಿಗೂ ಗೊತ್ತಾಗಲಿಲ್ಲ. ಗಂಗಮ್ಮ ಎಡಕ್ಕೆ ನೋಡಿದರು, ಅವರ ಸೊಸೆ ಬಲಕ್ಕೆ. "ಆಚೆ ಬೀದಿಯವರು ಯಾರೋ ಬಂದಿದ್ದಾರಾ?" ಎಂದು ಯಾರೋ ಕೇಳಿದರು. ಹುಟ್ಟಿದಾಗಿನಿಂದ ನಾನು ಇದೇ ಬೀದಿಯಲ್ಲಿದ್ದೇನೆ.

"ನಮ್ಮ ಸರಸಿ," ಎಂದಳು ಅವ್ವ. "ನಮ್ಮ ಸರಸಿಯ ದನಿ ಅದು."

ಇನ್ನು ಓಡಿಹೋಗಲು ಜಾಗವಿರಲಿಲ್ಲ. ಬೆನ್ನುಗಳ ಎದುರು ಮಾತಾಡುವುದು ಅಷ್ಟು ಕಷ್ಟವಲ್ಲ ಎಂದು ಆಗಲೇ ಗೊತ್ತಾದದ್ದು. "ಜಾನುಗೆ ಬಿಕ್ಕಳಿಕೆ ಬಂತು. ನಾನೇ ನೀರು ಕೊಟ್ಟೆ. ಅವಳು ಕುಡಿದಳು. ನಿಮಗೆ ಬಂದದ್ದು ಅದು," ಎಂದೆ.

"ನೀರಿಗೆ ರುಚಿ ಎಲ್ಲಿದೆಯವ್ವ?" ಎಂದರು ಅಜ್ಜ. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದವರ ಹಾಗೆ.

"ಬಾಯಾರಿಕೆ ಆದವರಿಗೆ ಇದೆ ಅಜ್ಜ. ನಿಮಗೆ ಆಗಿರಲಿಲ್ವಾ?"

"ಆಗಿರಲಿಲ್ವಾ ಅಂದರೆ!" ಗಂಗಮ್ಮ ಗೋಡೆ ಬಡಿದರು. "ಗಂಟಲು ಒಣಗಿ ಹಪ್ಪಳ ಆಗಿತ್ತು ಕಣವ್ವ ನಂದು. ಈ ಅಜ್ಜನ ಕಾನೂನಿನಿಂದ ಒಂದು ತೊಟ್ಟು ನೀರಿಲ್ಲ. ಈಗ ನೋಡು, ಜೀವ ಬಂತು!"

"ನನಗೂ," ಎಂದರು ಯಾರೋ ಸಾಲಿನ ಆ ತುದಿಯಿಂದ. "ನಾನು ಕೂಡ ಅದೇ ಅಂದುಕೊಂಡೆ, ಏನೋ ತಣ್ಣಗೆ ಇಳೀತಲ್ಲ ಅಂತ." ಅತ್ತಿಗೆಯ ತಾಯಿಯ ತಲೆಯೂ ಹೌದೆನ್ನುವಂತೆ ಅಲುಗಿತು.

ಸೂರಪ್ಪಜ್ಜ ಯಾರು ಹೇಳಿದ್ದನ್ನೂ ಹಾಗೇ ಒಪ್ಪುವವರಲ್ಲ. "ಇನ್ನೊಂದು ಗುಟುಕು ಕುಡಿಸು ನೋಡೋಣ," ಎಂದರು. ಇದು ಹಿಂದೆಂದೂ ನಡೆದದ್ದಲ್ಲ. ಲೋಟ ತುಂಬಿಸಿ ಜಾನುವಿಗೆ ಕೊಟ್ಟೆ. ಅವಳು ಈ ಸಲ ನಿಧಾನವಾಗಿ, ಲೋಟದ ಅಂಚಿನ ಮೇಲಿಂದ ಎಲ್ಲರ ಬೆನ್ನು ನೋಡುತ್ತಾ ಕುಡಿದಳು. ತಾನು ನುಂಗಿದಾಗಲೆಲ್ಲ ಅಷ್ಟೂ ಕುತ್ತಿಗೆಗಳು ಅಲುಗುವುದು ಅವಳಿಗೆ ಕಾಣಿಸಿತು. ಬೇಕೆಂದೇ ಒಂದು ಸಲ ನಿಲ್ಲಿಸಿದಳು. ಕುತ್ತಿಗೆಗಳೂ ನಿಂತವು. ಮತ್ತೆ ನುಂಗಿದಳು. ನಕ್ಕಳು.

ಅಜ್ಜ ಎರಡು ಸಲ ಬಾಯಿ ಚಪ್ಪರಿಸಿದರು. "ಹೂಜಿಯದಾ?" ಎಂದು ಕೇಳಿದರು.

"ಹೂಂ ಅಜ್ಜ."

"ಹೊಸ ಹೂಜಿ ಇರಬೇಕು. ಮಣ್ಣಿನ ಘಮ ಇನ್ನೂ ಹೋಗಿಲ್ಲ." ಆಮೇಲೆ ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತು ಕೂಗಿದರು: "ನೀರಿನ ಜಾನಕಿ!"

ಸಾಲೆಲ್ಲ ಒಂದೇ ಸಲ ಮಾತಾಡತೊಡಗಿತು. ಆ ಗದ್ದಲದಲ್ಲಿ, ಯಾರೂ ಹೇಳದೆಯೇ, ನೀರಿನ ಜಾನಕಿ ಅವಲಕ್ಕಿಗೆ ಕೈ ಹಾಕಿದಳು. ದಾಳಿಂಬೆ ಕಾಳು ಅವಳ ಹಲ್ಲಿಗೆ ಸಿಕ್ಕು ಒಡೆದಾಗ ಗೋಡೆಯುದ್ದಕ್ಕೂ "ಓ!" ಎಂದರು. ಹಲ್ಲಿಲ್ಲದವರ ಬಾಯಲ್ಲೂ ಅದು ಒಡೆಯಿತಂತೆ, ಆಮೇಲೆ ಹೇಳಿದರು. ಗೆಣಸಿಗೆ ಬೆಲ್ಲ ಒತ್ತಿಕೊಂಡು ತಿಂದಾಗ ಅತ್ತಿಗೆಯ ತಂದೆ, ಅಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದವರು, "ಬೆಲ್ಲ ಹೀಗಿರತ್ತೆ ಅನ್ನೋದೇ ಮರೆತುಹೋಗಿತ್ತು," ಎಂದು ಗೋಡೆಯ ಮೇಲಿನ ಹಲ್ಲಿಗೆ ಹೇಳಿದರು. ಎರಡನೇ ಸಲ ಬಡಿಸಲು ನಾನು ಹೋದಾಗ ಎಲ್ಲರೂ ಬೇಡ ಎಂದರು, ಅವರವರ ಎಲೆ ಹಾಗೇ ಇತ್ತು. "ಅವಳಿಗೆ ಹಾಕು, ಅವಳಿಗೆ ಹಾಕು," ಎಂದರು.

ಎಲ್ಲರೂ ಹೋದಮೇಲೆ ಅತ್ತಿಗೆ ಪಾತ್ರೆ ತಿಕ್ಕುತ್ತಾ ಗೊಣಗಿದಳು. "ನೀರಿನ ಜಾನಕಿ ಅಂತೆ. ನಾಳೆ ಗಂಡಿನ ಕಡೆಯವರು ಬಂದು ಏನು ತಿಂದಳು ಅಂತ ಕೇಳಿದರೆ ಏನು ಹೇಳೋದು?"

"ಬಾಯಾರಿಕೆ ಇದ್ದರೆ ಬರಲಿ, ಇಲ್ಲದಿದ್ದರೆ ಬೇಡ," ಎಂದ ಅಣ್ಣ.

"ನೀವು ಉಪ್ಪು. ಮಾತಾಡಬೇಡಿ." ಹಾಗೆಂದರೂ ಅತ್ತಿಗೆ ನಗುತ್ತಿದ್ದಳು. ನನ್ನ ಕೈಯಿಂದ ಬೂದಿಯ ಬಟ್ಟಲು ಕಿತ್ತುಕೊಂಡು, "ನೀನು ಬಿಡು, ಹೋಗಿ ಏನಾದರೂ ತಿನ್ನು. ಬೆಳಗ್ಗೆಯಿಂದ ನಿಂತೇ ಇದ್ದೀಯ," ಎಂದಳು.

ಉಳಿದ ಅವಲಕ್ಕಿಯನ್ನು ಬಟ್ಟಲಿಗೆ ಹಾಕಿಕೊಂಡು ಒಲೆಯ ಕಡೆ ಮುಖ ಮಾಡಿ ಕೂತೆ. ಕಿಟಕಿಯಿಂದ ಸಂಜೆಯ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಜಾನು ಬಂದಳು, ಲಂಗ ಬಿಚ್ಚಿ ಹಳೆಯ ಫ್ರಾಕು ಹಾಕಿಕೊಂಡಿದ್ದಳು. ಕೈಯಲ್ಲಿ ತುಂಬಿದ ಲೋಟ, ತುಳುಕದ ಹಾಗೆ ಎರಡೂ ಕೈಯಲ್ಲಿ. ಎಂದಿನಂತೆ ನನ್ನ ಬೆನ್ನಿನ ಕಡೆ ಹೋಗುತ್ತಾಳೆಂದು ಸ್ವಲ್ಪ ಮುಂದೆ ಸರಿದೆ. ಅವಳು ಅಲ್ಲಿ ಕೂರಲಿಲ್ಲ. ನನ್ನ ಪಕ್ಕಕ್ಕೆ ಬಂದು, ಚಕ್ಕಳಮಕ್ಕಳ ಹಾಕಿ, ತನ್ನ ಮಂಡಿ ನನ್ನ ಮಂಡಿಯ ಸಾಲಿಗೆ ಬಂತೋ ಇಲ್ಲವೋ ಎಂದು ಬಗ್ಗಿ ನೋಡಿ, ಇನ್ನೂ ಸ್ವಲ್ಪ ಒತ್ತರಿಸಿ ಕೂತಳು.

"ಅತ್ತೇ, ನೀನು ನಿಂತಿದ್ದೆ."

"ಹೂಂ."

"ಎಲ್ಲರಿಗೂ ಬಂತು. ನಿಂಗೆ ಬರಲಿಲ್ಲ."

ಹೌದಲ್ಲ ಅನ್ನಿಸಿತು. ಬೀದಿಗೆಲ್ಲ ಗೊತ್ತಿರುವ ಅವಳ ಹೆಸರು ನನ್ನ ನಾಲಿಗೆಯೊಂದಕ್ಕೇ ಗೊತ್ತಿರಲಿಲ್ಲ.

"ತಿನ್ನಬೇಡ, ಸುಮ್ನಿರು," ಎಂದು ನನ್ನ ಬಟ್ಟಲನ್ನು ಆಚೆ ಸರಿಸಿದಳು. ಆಮೇಲೆ ನನ್ನ ಮುಖ ನೋಡುತ್ತಲೇ ಲೋಟ ಎತ್ತಿದಳು. ನಾನೂ ನೋಡಿದೆ. ಅವಳು ನಿಲ್ಲಿಸಲಿಲ್ಲ. ಅವಳ ಗಂಟಲು ಅಲುಗಿತು, ಬರಿಬಾಯಿಯಲ್ಲಿ ನಾನೂ ನುಂಗಿದೆ.